ಕಾಣದ ಗ್ರಹದ ನಾಡಿ ಹಿಡಿದವರು

ಸೂರ್ಯನಲ್ಲದ ಅನ್ಯ ನಕ್ಷತ್ರಗಳನ್ನು ಸುತ್ತುವ ಗ್ರಹಗಳಿಗೆ ಸೌರೇತರ ಗ್ರಹಗಳೆಂದು ಹೆಸರು. ಇಂದು ಅವುಗಳ ಪಟ್ಟಿ 6,000ವನ್ನು ದಾಟಿದೆ. ಈ ಚರಿತ್ರೆಯನ್ನು ಸಾಮಾನ್ಯವಾಗಿ 1995ರಿಂದ ಆರಂಭಿಸುವುದು ರೂಢಿ. ನಾವು ಸ್ವಲ್ಪ ಹಿಂದೆ ಸರಿದು, 1855ರ ಮದ್ರಾಸಿನಿಂದ ಆರಂಭಿಸೋಣ.

ಅಲ್ಲಿನ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಕ್ಯಾಪ್ಟನ್ ಜೇಕಬ್, 70 ಒಫಿಯುಕಿ ಎಂಬ ಜೋಡಿ ನಕ್ಷತ್ರದ ಚಲನೆಯಲ್ಲಿ ಲೆಕ್ಕಕ್ಕೆ ಹೊಂದದ ಏರುಪೇರನ್ನು ಕಂಡರು. ಕಣ್ಣಿಗೆ ಬೀಳದ ಗ್ರಹವೊಂದು ಅದಕ್ಕೆ ಕಾರಣವಿರಬಹುದೆಂದು ಬರೆದರು. ಅಂತಹ ಗ್ರಹ ಅಲ್ಲಿರಲಿಲ್ಲವೆಂದು ಕಾಲಾಂತರದಲ್ಲಿ ತಿಳಿಯಿತು. (ಬೆಂಗಳೂರಿನ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಇದೇ ವೀಕ್ಷಣಾಲಯದ ಪರಂಪರೆಗೆ ಸೇರಿದುದೆಂಬುದನ್ನು ನಮ್ಮಲ್ಲಿ ಹಲವರು ಅರಿಯರು.)

ಜೇಕಬ್ ಎಡವಿದರೂ ಅವರು ಹಿಡಿದ ದಾರಿ ಸರಿಯಾಗಿಯೇ ಇತ್ತು. ನಕ್ಷತ್ರದ ಪ್ರಖರ ಬೆಳಕಿನಲ್ಲಿ ಗ್ರಹವನ್ನು ನೇರವಾಗಿ ಕಾಣುವುದು ದುಸ್ಸಾಧ್ಯ. ಆದರೆ ಗ್ರಹವೂ ನಕ್ಷತ್ರವನ್ನು ಸೆಳೆಯುತ್ತದೆ. ಆ ಸೆಳೆತಕ್ಕೆ ನಕ್ಷತ್ರ ನಮ್ಮತ್ತ ಒಮ್ಮೆ, ಆಚೆಗೆ ಒಮ್ಮೆ ತುಸು ಅಲುಗುತ್ತದೆ. ಹೀಗೆ ಅಲುಗುವಾಗ ಅದರ ಬೆಳಕಿನ ರೋಹಿತದ ಗೆರೆಗಳು ನೀಲಿಯ ಕಡೆಗೂ ಕೆಂಪಿನ ಕಡೆಗೂ ಅತ್ಯಲ್ಪವಾಗಿ ಸರಿಯುತ್ತವೆ. ರಕ್ತನಾಳದಲ್ಲಿ ರಕ್ತದ ಹರಿವನ್ನು ಅಳೆಯಲು ನಾವು ವೈದ್ಯರು ಬಳಸುವ ಡಾಪ್ಲರ್ ಸ್ಕ್ಯಾನಿನ ತತ್ತ್ವವೂ ಇದೇ. ಅಲ್ಲಿ ಶಬ್ದತರಂಗ, ಇಲ್ಲಿ ಬೆಳಕು. ಗುರುಗ್ರಹ ಸೂರ್ಯನನ್ನು ಅಲುಗಿಸುವ ವೇಗ ಸೆಕೆಂಡಿಗೆ ಸುಮಾರು 12.5 ಮೀಟರ್. ನಮ್ಮ ಭೂಮಿಯದು ಕೇವಲ 9 ಸೆಂಟಿಮೀಟರ್, ಅಂಬೆಗಾಲಿಡುವ ಮಗುವಿಗಿಂತ ನಿಧಾನ.

ಇಷ್ಟು ಸೂಕ್ಷ್ಮವಾದ ಅಳತೆಗೆ ಮೊದಲು ಕೈಹಾಕಿದವರಲ್ಲಿ ನಾವು ನೆಲೆಸಿರುವ ಈ ಕೆನಡಾದ ಬ್ರೂಸ್ ಕ್ಯಾಂಬೆಲ್ ಮತ್ತು ಗಾರ್ಡನ್ ವಾಕರ್ ಪ್ರಮುಖರು. ನಕ್ಷತ್ರದ ಬೆಳಕನ್ನು ಹೈಡ್ರೋಜನ್ ಫ್ಲೋರೈಡ್ ಅನಿಲದ ಮೂಲಕ ಹಾಯಿಸಿ, ಆ ಅನಿಲ ಮೂಡಿಸುವ ಗೆರೆಗಳನ್ನೇ ಅವರು ಅಳತೆಗೋಲಾಗಿ ಬಳಸಿದರು. ಚರ್ಮವನ್ನು ದಾಟಿ ಮೂಳೆಯವರೆಗೂ ಸುಡಬಲ್ಲ ವಿಷವದು. ಅದನ್ನು ಹವಾಯಿಯ ಪರ್ವತಶಿಖರದ ದೂರದರ್ಶಕದ ಬಳಿ ವರ್ಷಗಟ್ಟಲೆ ನಿಭಾಯಿಸಿದ ಅವರ ಎದೆಗಾರಿಕೆಗೆ ವೈದ್ಯರಾದ ನಾವು ಬೆರಗಾಗುತ್ತೇವೆ. ವರ್ಷಕ್ಕೆ ದೊರೆಯುತ್ತಿದ್ದುದು ಕೆಲವೇ ರಾತ್ರಿಗಳು. ಇಪ್ಪತ್ತರಷ್ಟು ನಕ್ಷತ್ರಗಳು, ಹನ್ನೆರಡು ವರ್ಷಗಳ ಕಾಯುವಿಕೆ.

1988ರಲ್ಲಿ ಗಾಮಾ ಸೀಫೈ ನಕ್ಷತ್ರದಲ್ಲಿ ಗ್ರಹದ ಸುಳಿವು ಸಿಕ್ಕಿತೆಂದು ಅವರ ತಂಡ ವರದಿ ಮಾಡಿತು. ಆದರೆ ಆ ಅಲುಗಾಟ ನಕ್ಷತ್ರದ ಆವರ್ತನದಿಂದಲೇ ಉಂಟಾಗಿರಬಹುದೆಂಬ ಸಂಶಯ ಬಂದು, 1992ರಲ್ಲಿ ಹಿಂದೆ ಸರಿಯಿತು. ಅದೇ ವರ್ಷದ ಜನವರಿಯಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಲೈನ್, ಪಲ್ಸಾರ್ ಒಂದರ ಸುತ್ತ ತಾವು ಕಂಡ ಗ್ರಹ ಭೂಮಿಯ ಚಲನೆಯ ಲೆಕ್ಕದಲ್ಲಾದ ದೋಷದ ಫಲವೆಂದು ತುಂಬಿದ ಸಭೆಯಲ್ಲಿ ಒಪ್ಪಿಕೊಂಡರು. ಸಭಿಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಇನ್ನೊಂದು ಪಲ್ಸಾರಿನ ಸುತ್ತ ನಿಜವಾದ ಗ್ರಹಗಳನ್ನು ಅಲೆಕ್ಸಾಂಡರ್ ವೋಲ್ಷ್ಚಾನ್ ಮತ್ತು ಡೇಲ್ ಫ್ರೇಲ್ ಪ್ರಕಟಿಸಿದ್ದೂ ಅದೇ ತಿಂಗಳು.

ಇಲ್ಲದ ರೋಗವನ್ನು ಇದೆಯೆನ್ನುವುದು, ಇರುವುದನ್ನು ಇಲ್ಲವೆನ್ನುವುದು: ರೋಗನಿದಾನದ ಈ ಎರಡು ಅಪಾಯಗಳಲ್ಲಿ ಕೆನಡಾದ ತಂಡ ಮೊದಲನೆಯದಕ್ಕೆ ಹೆಚ್ಚು ಅಂಜಿತು. ಅದನ್ನು ಅಳುಕೆಂದು ಹಳಿಯಲು ನಮಗೆ ಮನಸ್ಸಾಗದು. ಬೆಲೆಯನ್ನಂತೂ ಅವರು ತೆತ್ತರು. ಕಾಯಂ ಹುದ್ದೆ ದೊರೆಯದ ಕ್ಯಾಂಬೆಲ್ ಖಗೋಳವಿಜ್ಞಾನವನ್ನೇ ತೊರೆದರು. 1995ರಲ್ಲಿ ವಾಕರ್ ಮತ್ತು ಸಂಗಡಿಗರು ಗುರುವಿನಂತಹ ಗ್ರಹ ಯಾವುದೂ ಕಾಣಲಿಲ್ಲವೆಂದು ಪ್ರಕಟಿಸಿದರು. ಅದೇ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ದಿದಿಯೆ ಕೆಲೋ, 51 ಪೆಗಾಸಿ ನಕ್ಷತ್ರವನ್ನು ಕೇವಲ 4.2 ದಿನಗಳಲ್ಲಿ ಸುತ್ತುವ ದೈತ್ಯಗ್ರಹವನ್ನು ಘೋಷಿಸಿದರು. ನಮ್ಮ ಗುರುವಿಗೆ ಒಂದು ಸುತ್ತಿಗೆ ಸುಮಾರು 12 ವರ್ಷ ಬೇಕು; ಅಷ್ಟು ಅವಸರದ ದೈತ್ಯನನ್ನು ನಿರೀಕ್ಷಿಸಿದವರು ವಿರಳ. 2019ರ ನೊಬೆಲ್ ಪುರಸ್ಕಾರದಲ್ಲಿ ಅವರಿಬ್ಬರಿಗೂ ಪಾಲು ದೊರೆಯಿತು.

ಮುಂದೆ ಗ್ರಹವು ನಕ್ಷತ್ರಕ್ಕೆ ಅಡ್ಡ ಹಾಯುವಾಗ ಬೆಳಕು ಮಂಕಾಗುವುದನ್ನು ಗಮನಿಸುವ ವಿಧಾನ ಬಂದಿತು. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕವೊಂದೇ ಅದರಿಂದ 2,600ಕ್ಕೂ ಮಿಕ್ಕಿ ಗ್ರಹಗಳನ್ನು ಕಂಡಿತು.

ಗಾಮಾ ಸೀಫೈಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೆನಡಾ ತಂಡದ ಹಳೆಯ ಅಳತೆಗಳಿಗೆ ಹೊಸವನ್ನು ಸೇರಿಸಿ ನೋಡಿದಾಗ, ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಸುತ್ತುವ ಗ್ರಹ ಅಲ್ಲಿ ನಿಜವಾಗಿಯೂ ಇದೆಯೆಂದು 2003ರಲ್ಲಿ ಖಚಿತವಾಯಿತು. ಸುಮಾರು 45 ಜ್ಯೋತಿರ್ವರ್ಷ ದೂರದ ಆ ನಕ್ಷತ್ರ ಬರಿಗಣ್ಣಿಗೇ ಕಾಣುತ್ತದೆ, ಕೆನಡಾದ ಆಕಾಶದಲ್ಲಿ ಎಂದೂ ಮುಳುಗುವುದಿಲ್ಲ. ಧ್ರುವನಕ್ಷತ್ರದ ಸಮೀಪ ಮನೆಯ ಆಕಾರದ ಸೀಫಿಯಸ್ ಪುಂಜವನ್ನು ಹುಡುಕಿ. ಆ ಮನೆಯ ಮಾಡಿನ ತುದಿಯೇ ಅದು.