ಮಳೆಗಾಲದ ನಂತರ ಪ್ಯಾಡಲ್ ಬೋರ್ಡ್: ನೀರಿಗಿಳಿಸುವ ಮುನ್ನ ನೋಡಬೇಕಾದುದು

ಬೀದರ್ ನಗರದ ನೌಬಾದದಲ್ಲಿ ನೀರು ಎಂದೊಡನೆ ನೆನಪಾಗುವುದು ಬಹಮನಿ ಕಾಲದ ಕರೇಜ್, ಅಂದರೆ ಜಂಬಿಟ್ಟಿಗೆ ಕಲ್ಲನ್ನು ಕೊರೆದು ನಿರ್ಮಿಸಿದ ಸುರಂಗ ಬಾವಿಗಳ ಸಾಲು. ಅದು ನೆಲದಡಿಯ ನೀರು. ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತ ಸಾಗುವ ಪ್ಯಾಡಲ್ ಬೋರ್ಡಿಗೆ ತೆರೆದ ನೀರು ಬೇಕು. ಜಿಲ್ಲೆಯಲ್ಲಿ ಅಂಥ ನೀರೆಂದರೆ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯ ಮತ್ತು ಭಾಲ್ಕಿ, ಔರಾದ್ ಕಡೆಗಳಲ್ಲಿ ಹರಿಯುವ ಮಾಂಜ್ರಾ ನದಿ. ಕಾರಂಜಾ ಕುಡಿಯುವ ನೀರಿನ ಮೂಲವೂ ಆಗಿರುವುದರಿಂದ ಅಣೆಕಟ್ಟೆಯ ಅಧಿಕಾರಿಗಳ ಅನುಮತಿಯಿಲ್ಲದೆ ಅಲ್ಲಿ ಬೋರ್ಡ್ ಇಳಿಸುವಂತಿಲ್ಲ.

ರಾಜ್ಯದಲ್ಲಿ ಈ ಕ್ರೀಡೆ ಬೇರುಬಿಟ್ಟಿರುವುದು ಕರಾವಳಿಯಲ್ಲಿ. ಮೂಲ್ಕಿಯಲ್ಲಿ 2004ರಲ್ಲಿ ಆರಂಭವಾದ ಮಂತ್ರ ಸರ್ಫ್ ಕ್ಲಬ್, ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲು, 2024ರ ಮಾರ್ಚಿನಲ್ಲಿ ಅಲ್ಲಿಯೇ ನಡೆದ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ಈ ಆಟದ ಗುರುತುಗಳು. ಜೂನ್‌ನಿಂದ ಕಡಲು ಒರಟಾಗುತ್ತದೆ. ಬೋರ್ಡುಗಳು ಕೋಣೆ ಸೇರುತ್ತವೆ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಹೊರಬರುತ್ತವೆ. ಒಳನಾಡಿನ ಹವ್ಯಾಸಿಗಳ ಬೋರ್ಡುಗಳಾದರೋ ವರ್ಷದ ಬಹುಭಾಗವನ್ನು ಅಟ್ಟದ ಮೇಲೆಯೇ ಕಳೆಯುತ್ತವೆ. ಅಲ್ಲಿ ಉಪ್ಪಿನ ಕಾಟವಿಲ್ಲ. ಬಿಸಿಲು, ಬೂಷ್ಟು, ಇಲಿಗಳ ಕಾಟವಿದೆ.

ಗಾಳಿಯ ಲೆಕ್ಕ

ಹವ್ಯಾಸಿಗಳಲ್ಲಿ ಹೆಚ್ಚಿನವರ ಬಳಿ ಇರುವುದು ಗಾಳಿ ತುಂಬುವ ಪಿವಿಸಿ ಬೋರ್ಡ್. ಅದರ ಮೇಲಿನ ಮತ್ತು ಕೆಳಗಿನ ಪದರಗಳನ್ನು ಒಳಗಿನಿಂದ ಸಾವಿರಾರು ನೂಲಿನ ಎಳೆಗಳು ಹಿಡಿದಿಟ್ಟಿರುತ್ತವೆ. ಆದ್ದರಿಂದಲೇ ಅದು ಬಲೂನಿನಂತೆ ಉಬ್ಬದೆ ಹಲಗೆಯಂತೆ ಸಪಾಟಾಗಿ ನಿಲ್ಲುತ್ತದೆ. ಸಾಮಾನ್ಯವಾಗಿ 12ರಿಂದ 15 ಪಿಎಸ್ಐ ಒತ್ತಡ ಬೇಕು. ಕಾರಿನ ಟೈರಿನ ಹೆಚ್ಚುಕಡಿಮೆ ಅರ್ಧ. ಖಚಿತ ಮಿತಿಯನ್ನು ಕವಾಟದ ಬಳಿ ಅಥವಾ ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಬೋರ್ಡನ್ನು ಜೋಡಿಸುವ ಆಸೆ ಬೇಡ. ಅದರ ಒತ್ತಡಕ್ಕೆ ಅಂಚಿನ ಅಂಟು ಕ್ಷಣದಲ್ಲಿ ಬಿಡಬಹುದು.

ಋತುವಿನ ಮೊದಲ ಪರೀಕ್ಷೆ ಸರಳವಾದುದು. ಪೂರ್ಣ ಗಾಳಿ ತುಂಬಿ, ನೆರಳಿನಲ್ಲಿ ಒಂದು ದಿನ ಬಿಟ್ಟು, ಮರುದಿನ ಅದೇ ಹೊತ್ತಿಗೆ ಒತ್ತಡವನ್ನು ಮತ್ತೆ ಅಳೆಯಬೇಕು. ಅದೇ ಹೊತ್ತು ಎಂಬುದು ಮುಖ್ಯ. ಬೆಳಿಗ್ಗೆ 25 ಡಿಗ್ರಿಯಲ್ಲಿ 15 ಪಿಎಸ್ಐ ತೋರಿದ ಬೋರ್ಡ್ ಬಿಸಿಲಿನಲ್ಲಿ 45 ಡಿಗ್ರಿಗೆ ಕಾದರೆ ಸುಮಾರು 17 ತೋರಿಸುತ್ತದೆ. ಬೀದರ್ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿರುವುದರಿಂದ, ಮೂಲ್ಕಿಯ ದಂಡೆಯಲ್ಲಿ ತುಂಬಿದ ಗಾಳಿಯನ್ನು ಹಾಗೆಯೇ ಇಲ್ಲಿಗೆ ತಂದರೆ ಇನ್ನೊಂದು ಪಿಎಸ್ಐ ಸೇರಿಕೊಳ್ಳುತ್ತದೆ. ಕಾರಿನ ಮೇಲೆ ಕಟ್ಟಿ ಒಯ್ಯುವವರು ಘಟ್ಟ ಹತ್ತುವ ಮೊದಲು ಸ್ವಲ್ಪ ಗಾಳಿ ಬಿಡುವುದು ಲೇಸು.

ಗಾಳಿ ಇಳಿದಿದ್ದರೆ ಮೊದಲು ಕವಾಟದ ಸುತ್ತ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಅನೇಕ ಬಾರಿ ದೋಷವಿರುವುದು ಅಲ್ಲಿ ಸಿಕ್ಕಿಕೊಂಡ ಮರಳಿನ ಕಣದಲ್ಲಿ, ಇಲ್ಲವೆ ಸಡಿಲಗೊಂಡ ಕವಾಟದಲ್ಲಿ. ಬೋರ್ಡಿನ ಜೊತೆ ಬರುವ ಕೀಲಿಯಿಂದ ಬಿಗಿಮಾಡಿದರೆ ಸಾಕು. ಮೈಯಲ್ಲಿ ತೂತಿದ್ದರೆ ಪಿವಿಸಿಗೆಂದೇ ಇರುವ ಅಂಟು ಮತ್ತು ತೇಪೆ ಬೇಕು. ಸೈಕಲ್ ಅಂಗಡಿಯ ರಬ್ಬರ್ ಸೊಲ್ಯೂಷನ್ ಇದರ ಮೇಲೆ ನಿಲ್ಲುವುದಿಲ್ಲ.

ಗಟ್ಟಿ ಬೋರ್ಡುಗಳ ಕಥೆ ಬೇರೆ. ಅವುಗಳಲ್ಲಿ ಹಲವು, ಹೊರಗೆ ಫೈಬರ್ ಗ್ಲಾಸ್ ಮತ್ತು ಎಪಾಕ್ಸಿ, ಒಳಗೆ ನಮ್ಮಲ್ಲಿ ಥರ್ಮಾಕೋಲ್ ಎಂದು ಕರೆಯುವ ಹಗುರ ವಸ್ತು. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ನೀರಿಳಿದು ತೂಕ ಏರುತ್ತದೆ. ನೀರಿನ ಟ್ಯಾಂಕುಗಳ ದುರಸ್ತಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ ಎಂಬುದು ತಿಳಿಯದೆ ಬೋರ್ಡನ್ನೇ ಕಳೆದುಕೊಳ್ಳುವ ಸಂಭವವಿದೆ. ಎಪಾಕ್ಸಿಯನ್ನೇ ಬಳಸಬೇಕು, ಅದೂ ಒಳಗಿನ ತೇವ ಪೂರ್ತಿ ಆರಿದ ಮೇಲೆ. ಗಾಳಿ ಬಿಡುವ ತಿರುಪು ಇರುವ ಮಾದರಿಗಳಲ್ಲಿ ಅದನ್ನು ಪ್ರಯಾಣದಲ್ಲಿ ಸಡಿಲಿಸಿ, ನೀರಿಗಿಳಿಯುವ ಮುನ್ನ ಮರೆಯದೆ ಬಿಗಿಮಾಡಬೇಕು.

ಹುಟ್ಟು ಮತ್ತು ರೆಕ್ಕೆಗಳಿಗೆ ಹೆಚ್ಚು ಹೊತ್ತು ಬೇಕಿಲ್ಲ. ಉದ್ದ ಹೊಂದಿಸುವ ಹುಟ್ಟಿನ ಕೊಳವೆಗಳನ್ನು ಬಿಡಿಸಿ, ಸಿಹಿನೀರಿನಲ್ಲಿ ತೊಳೆದು, ಮರಳು ತೆಗೆದು ಒಣಗಿಸಬೇಕು. ಸುತ್ತಿಟ್ಟ ಚೀಲದ ಭಾರಕ್ಕೆ ಬಾಗಿದ ಪ್ಲಾಸ್ಟಿಕ್ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ ನೇರಗೊಳಿಸಿ, ತಣ್ಣೀರಿಗೆ ಹಾಕಿದರೆ ಆಕಾರ ನಿಲ್ಲುತ್ತದೆ.

ಕಾಲಿನ ಹಗ್ಗ

ಬೋರ್ಡನ್ನು ಸವಾರನಿಗೆ ಜೋಡಿಸುವ ಹಗ್ಗವನ್ನು ಬಹಳ ಮಂದಿ ಕಟ್ಟಕಡೆಗೆ ನೋಡುತ್ತಾರೆ. ಮೊದಲು ನೋಡಬೇಕಾದುದು ಅದನ್ನೇ. ಬಿದ್ದಾಗ ಗಾಳಿ ಬೋರ್ಡನ್ನು ದೂಡಿಕೊಂಡು ಹೋಗುವ ವೇಗಕ್ಕೆ ಒಳ್ಳೆಯ ಈಜುಗಾರನೂ ಸಾಟಿಯಾಗಲಾರ. ವೆಲ್ಕ್ರೋ ಪಟ್ಟಿಯಲ್ಲಿ ಕಸ ತುಂಬಿ ಹಿಡಿತ ಹೋಗಿದ್ದರೆ, ತಿರುಗುವ ಲೋಹದ ಕೊಂಡಿ ತುಕ್ಕು ಹಿಡಿದಿದ್ದರೆ, ಹಗ್ಗದಲ್ಲಿ ಎಲ್ಲಾದರೂ ಕಚ್ಚು ಬಿದ್ದಿದ್ದರೆ ದುರಸ್ತಿ ಬೇಡ, ಹೊಸದನ್ನೇ ಕೊಳ್ಳಬೇಕು.

ಆದರೆ ಕಡಲಿನಲ್ಲಿ ಜೀವ ಉಳಿಸುವ ಇದೇ ಹಗ್ಗ ಹರಿಯುವ ನದಿಯಲ್ಲಿ ಜೀವಕ್ಕೆ ಎರವಾಗಬಹುದು. ಕಣಕಾಲಿಗೆ ಕಟ್ಟಿದ ಹಗ್ಗ ಮುಳುಗಿದ ಮರಕ್ಕೋ ಸೇತುವೆಯ ಕಂಬಕ್ಕೋ ಸುತ್ತಿಕೊಂಡರೆ, ಪ್ರವಾಹದ ಎದುರು ಬಾಗಿ ಅದನ್ನು ಬಿಚ್ಚುವುದು ಅಸಾಧ್ಯ. ಹರಿವ ನೀರಿಗೆ ಸೊಂಟದಲ್ಲಿ ಕಟ್ಟುವ, ಒಂದೇ ಎಳೆತಕ್ಕೆ ಕಳಚುವ ಪಟ್ಟಿಯೇ ಬೇಕು. ಋತುವಿನ ಆರಂಭದಲ್ಲಿ ಅದನ್ನು ದಂಡೆಯ ಮೇಲೆಯೇ ಎರಡೂ ಕೈಗಳಿಂದ, ಕಣ್ಣು ಮುಚ್ಚಿ, ಹಲವು ಬಾರಿ ಕಳಚಿ ನೋಡಬೇಕು.

ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗು ಕಟ್ಟೆಗಳ ಅಪಾಯಕ್ಕೆ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಹ್ಯಾವರ್‌ಫರ್ಡ್‌ವೆಸ್ಟ್‌ನ ದುರಂತ ನಿದರ್ಶನ. 2021ರ ಅಕ್ಟೋಬರ್ 30ರಂದು, ಮಳೆಯಿಂದ ತುಂಬಿ ಹರಿಯುತ್ತಿದ್ದ ನದಿಯಲ್ಲಿ ಕಟ್ಟೆ ದಾಟಿದ ಪ್ಯಾಡಲ್ ಬೋರ್ಡ್ ತಂಡದ ನಾಲ್ವರು ಮೃತಪಟ್ಟರು. ಮೇಲಿನಿಂದ ನೋಡುವವರಿಗೆ ಇಂಥ ಕಟ್ಟೆ ನೀರಿನ ಒಂದು ಗೆರೆಯಂತೆ ಕಾಣುತ್ತದೆ. ಕೆಳಗೆ ಬೀಳುವ ನೀರು ಹಿಂದಕ್ಕೆ ಸುತ್ತುತ್ತಿರುವುದರಿಂದ ಅಲ್ಲಿ ಸಿಕ್ಕವರು ಹೊರಬರುವುದು ಬಲು ಕಷ್ಟ. ಮಾಂಜ್ರಾ ನದಿಗೂ ಸೇತುವೆ ಸಹಿತ ಬ್ಯಾರೇಜುಗಳಿವೆ. ಮಹಾರಾಷ್ಟ್ರದ ಧನೇಗಾಂವ್ ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಮಳೆಯಿಲ್ಲದಿದ್ದರೂ ಹರಿವು ಏರುತ್ತದೆ. ಬ್ಯಾರೇಜಿನ ಸಮೀಪ ಬೋರ್ಡ್ ಇಳಿಸುವ ಮಾತೇ ಬೇಡ.

ಜೀವರಕ್ಷಕ ಜಾಕೆಟ್ಟಿನ ಹೊಲಿಗೆ, ಬಕಲ್, ಒಳಗಿನ ಫೋಮ್ ಇವನ್ನು ಕೈಯಿಂದ ಒತ್ತಿ ನೋಡಬೇಕು. ಫೋಮ್ ಗಟ್ಟಿಯಾಗಿ ಕುಗ್ಗಿದ್ದರೆ ತೇಲಿಸುವ ಶಕ್ತಿ ಇಳಿದಿದೆ ಎಂದರ್ಥ. ಗ್ಯಾಸ್ ಸಿಲಿಂಡರಿನ ಬೆಲ್ಟ್ ಮಾದರಿಯಾದರೆ ಸಿಲಿಂಡರಿನ ತುಕ್ಕನ್ನೂ ಪರಿಶೀಲಿಸಬೇಕು.

ಇಷ್ಟಾದ ಮೇಲೆ ಮೊದಲ ದಿನ ಎದೆಮಟ್ಟದ ನಿಶ್ಚಲ ನೀರಿನಲ್ಲಿ, ಜೊತೆಗೊಬ್ಬರನ್ನು ದಂಡೆಯಲ್ಲಿ ನಿಲ್ಲಿಸಿ, ಬೇಕೆಂದೇ ನಾಲ್ಕಾರು ಬಾರಿ ಬಿದ್ದು ಬೋರ್ಡ್ ಹತ್ತಿ ನೋಡುವುದು ವಾಡಿಕೆ. ಹಗ್ಗದ ಉದ್ದ ಸಾಲದಿದ್ದರೆ, ಜಾಕೆಟ್ ಕುತ್ತಿಗೆಗೆ ಏರುತ್ತಿದ್ದರೆ ಗೊತ್ತಾಗುವುದು ಆಗಲೇ.