ಚೀಟಿ ಬರ್ದಾಯ್ತಾ?

ಯುಗಾದಿ ಇನ್ನೂ ಹತ್ತು ದಿನ ಇದೆ ಎನ್ನುವಾಗ ಬೆಂಗಳೂರಿನಿಂದ ಚಿಕ್ಕಪ್ಪನ ಮಗಳ ಫೋನು ಬರುತ್ತದೆ. ಹೂಮಳೆ ಬಂತಾ, ಮೆಣಸು ಒಣಗಿತಾ, ದೊಡ್ಡಮ್ಮನ ಮಂಡಿನೋವು ಹೇಗಿದೆ ಎಂದೆಲ್ಲ ವಿಚಾರಿಸಿದ ಮೇಲೆ, ಕೇಳಬೇಕೆಂದೇ ಫೋನು ಮಾಡಿದ ಮಾತನ್ನು ಕೇಳುತ್ತಾಳೆ: "ಅಣ್ಣ, ಚೀಟಿ ಬರ್ದಾಯ್ತಾ?"

ಅವಳ ಪಕ್ಕದಲ್ಲಿ ಕೂತವರಿಗೆ ಆ ಮಾತು ಬೇರೆಯೇ ಕೇಳಿಸೀತು. ಬೆಂಗಳೂರಿನಲ್ಲಿ ಚೀಟಿ ಎಂದರೆ ತಿಂಗಳ ಚೀಟಿ, ಕೂಗುವ ಚೀಟಿ, ಯಾರೋ ಎತ್ತಿಕೊಂಡು ಊರು ಬಿಟ್ಟ ಚೀಟಿ. ಆಲೂರು ತಾಲ್ಲೂಕಿನ ಪಾಳ್ಯದ ಕಡೆಯ ನಮ್ಮ ಮನೆಯಲ್ಲಿ, ಯುಗಾದಿಯ ಹೊತ್ತಿನಲ್ಲಿ, ಆ ಪದಕ್ಕೆ ಒಂದೇ ಅರ್ಥ. ಹಬ್ಬದ ಮರುದಿನ, ವರ್ಷತೊಡಕಿನ ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಆಡುವ ಆಟ. ಆಟಕ್ಕೆ ಬೇರೆ ಹೆಸರಿಲ್ಲ, ಚೀಟಿ ಅಷ್ಟೆ.

ಪದ ನಮ್ಮದೇ ಎನ್ನುವಷ್ಟು ಒಗ್ಗಿಹೋಗಿದೆ. ಬಂದದ್ದು ಮಾತ್ರ ಉತ್ತರದಿಂದ, ಹಿಂದಿ ಮರಾಠಿಗಳ ಚಿಟ್ಠಿಯಿಂದ. ಅಲ್ಲಿ ಅದು ಕ್ಷೇಮಸಮಾಚಾರದ ಇಡೀ ಪತ್ರ. ಕನ್ನಡದಲ್ಲಿ ಪತ್ರಕ್ಕೆ ಓಲೆ, ಕಾಗದ ಎಂಬ ಮಾತುಗಳು ಮೊದಲೇ ಇದ್ದುದರಿಂದ ಇರಬೇಕು, ಇಲ್ಲಿಗೆ ಬಂದ ಚಿಟ್ಠಿ ಚಿಕ್ಕದಾಯಿತು, ಅಂಗೈಯಲ್ಲಿ ಮುಚ್ಚಿಡುವಷ್ಟಾಯಿತು. ಅದೇ ಚಿಟ್ಠಿಯನ್ನು ಇಂಗ್ಲಿಷಿನವರೂ ಎತ್ತಿಕೊಂಡು ಚಿಟ್ ಮಾಡಿಕೊಂಡರು. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಅದಕ್ಕೆ ಜಾಗವಿದೆ. ಕೆಲಸದವರಿಗೆ ಧಣಿ ಬರೆದುಕೊಡುವ ನಡತೆಯ ಪತ್ರ ಎಂಬ ಅರ್ಥವನ್ನೂ ಅಲ್ಲಿ ಕೊಟ್ಟಿದ್ದಾರೆ. ಆಮೇಲೆ ಅದು ಚಿಟ್ ಫಂಡ್ ಆಗಿ ನಮ್ಮಲ್ಲಿಗೇ ತಿರುಗಿ ಬಂತು.

ಕನ್ನಡದಲ್ಲಿ ಅದು ಎಲ್ಲೆಲ್ಲಿ ಮನೆ ಮಾಡಿದೆ ನೋಡಿ. ಪೇಟೆಗೆ ಹೋಗುವವರ ಜೇಬಿನಲ್ಲಿ ಸಾಮಾನಿನ ಚೀಟಿ, ಡಾಕ್ಟರು ಬರೆದ ಔಷಧಿ ಚೀಟಿ, ಅಂಚೆ ಚೀಟಿ, ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ. ಪರೀಕ್ಷೆಯಲ್ಲಿ ಅಂಗಿಯ ತೋಳಿನೊಳಗೆ ಅಡಗಿದ್ದೂ ಚೀಟಿಯೇ. ಕುಯ್ಲಿನ ದಿನಗಳಲ್ಲಿ ಸಂಜೆ ಕಣದ ಹತ್ತಿರ ಕಾಫಿ ಹಣ್ಣು ತೂಗಿ, ಯಾರದ್ದು ಎಷ್ಟು ಕೇಜಿ ಎಂದು ಬರೆದುಕೊಡುವ ತುಂಡು ಕಾಗದವೂ ಚೀಟಿ. ಗುರುತಿನ ಚೀಟಿ ಪ್ಲಾಸ್ಟಿಕ್ಕಾಗಿ ಎಷ್ಟೋ ಕಾಲವಾಯಿತು, ಹೆಸರು ಬದಲಾಗಲಿಲ್ಲ. ಹಾಗಾದರೆ ಚೀಟಿಯನ್ನು ಚೀಟಿ ಮಾಡುವುದು ಕಾಗದ ಇರಲಾರದು. ನನಗೆ ತೋರುವುದು ಇಷ್ಟು: ಇವುಗಳಲ್ಲಿ ಹೆಚ್ಚಿನವು 'ಇಂಥವರು ಇದ್ದಾರೆ, ಇವರಿಗೆ ಇಂಥದ್ದು ಸಲ್ಲಬೇಕು' ಎನ್ನುತ್ತವೆ. ಅಕ್ಕಿ ಸಲ್ಲಬೇಕು, ಓಟು ಸಲ್ಲಬೇಕು, ಈ ದಿನದ ನಲವತ್ತು ಕೇಜಿಯ ಕೂಲಿ ಸಲ್ಲಬೇಕು. ಚೀಟಿ ಕಳೆದುಕೊಂಡವನ ಮುಖ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ನನಗೆ ಕಲಿಸಿದ್ದು ಅಜ್ಜಿಯ ಆಟ.

ವರ್ಷತೊಡಕಿನ ದಿನ ಇಸ್ಪೀಟಿಗೆ ಕೂರುವುದು ಹಳೇ ಮೈಸೂರಿನ ಕಡೆ ಊರೂರಲ್ಲೂ ಇರುವ ವಾಡಿಕೆ. ನಮ್ಮ ಜಗಲಿಯ ಮೇಲೂ ಗಂಡಸರು ಕಂಬಳಿ ಹಾಸಿ ಕೂರುತ್ತಿದ್ದರು. ಹೆಂಗಸರು ಒಲೆ ಮುಂದೆ, ಮಾಂಸದ ಸಾರು, ಕಡುಬು, ಅಕ್ಕಿ ರೊಟ್ಟಿ. ಮಕ್ಕಳು ಜಗಲಿಗೆ ಹೋದರೆ ಗದರಿಕೆ, ಅಡುಗೆಮನೆಗೆ ಹೋದರೆ ಗದರಿಕೆ. ಎರಡು ಕಡೆಗೂ ಸೇರದೆ ಉಳಿದವರಿಗಾಗಿ ಅಜ್ಜಿ ಕಟ್ಟಿದ ಆಟ ಇದು.

ಮನೆಗೆ ಬಂದವರು ತಲೆಗೊಂದು ಸಾಮಾನು ತರಬೇಕು. ಹೊಸದೇ ಆಗಬೇಕಿಲ್ಲ, ದೊಡ್ಡದಂತೂ ಆಗಲೇಬಾರದು. ಒಂದು ಪಾವು ಮೆಣಸು, ಹಿಡಿ ಏಲಕ್ಕಿ, ಜೇನಿನ ಬಾಟಲಿ, ಡಜನ್ ಬಳೆ, ಟಾರ್ಚಿನ ಸೆಲ್ಲು, ಸ್ಟೀಲ್ ಲೋಟ. ಎಲ್ಲವನ್ನೂ ಹಳೆ ಪೇಪರಿನಲ್ಲಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿ, ಮೇಲೆ ನಂಬರು ಬರೆಯುವುದು. ಅಕ್ಕಿ ಅಳೆಯುವ ಎರಡು ಸೇರು ತಂದಿಡುವುದು. ಒಂದರಲ್ಲಿ ಹೆಸರಿನ ಚೀಟಿ, ಇನ್ನೊಂದರಲ್ಲಿ ನಂಬರಿನ ಚೀಟಿ. ಹೆಸರನ್ನು ಮನೆಯ ಅತಿ ಚಿಕ್ಕ ಮಗು ಎತ್ತಬೇಕು, ನಂಬರನ್ನು ಅತಿ ಹಿರಿಯರು. ನಡುವೆ ಒಂದು ಹೇಂಟೆಗೂ ನಂಬರು ಇರುತ್ತಿತ್ತು. ಅದನ್ನು ಪೇಪರಿನಲ್ಲಿ ಸುತ್ತಲಾಗದ್ದರಿಂದ ಕುಕ್ಕೆಯಡಿ ಮುಚ್ಚಿಟ್ಟು ಕುಕ್ಕೆಗೆ ನಂಬರು ಅಂಟಿಸುತ್ತಿದ್ದೆವು. ಬರೀ ಚೀಟಿ, ಅಂದರೆ ಏನೂ ಸಿಗದ ಚೀಟಿ, ಇರಕೂಡದೆಂಬುದು ಅಜ್ಜಿಯ ಕಟ್ಟಪ್ಪಣೆ. "ಹಬ್ಬದ ದಿನ ಬರಿಗೈಲಿ ಕಳಸಕ್ಕಾಗುತ್ತಾ?"

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಬರೆಯುವ ಕೆಲಸ ನನ್ನದು. ಅವಳು ಮೊರ ಮುಂದಿಟ್ಟುಕೊಂಡು ಒಬ್ಬೊಬ್ಬರನ್ನೇ ಹೇಳುತ್ತ, ಹೇಳಿದವರಿಗೊಂದು ಕಾಫಿ ಬೀಜ ಮೊರಕ್ಕೆ ಹಾಕುತ್ತಿದ್ದಳು. ಕೊನೆಯಲ್ಲಿ ಚೀಟಿಯ ಲೆಕ್ಕವೂ ಬೀಜದ ಲೆಕ್ಕವೂ ಕೂಡಬೇಕು. ಮೊದಲ ಹೆಸರು ದೊಡ್ಡಪ್ಪನದ್ದಿರಬಹುದು ಎಂದುಕೊಂಡರೆ ತಪ್ಪು. ಅವಳು ಒಲೆಯ ಮುಂದಿನಿಂದ ಶುರು ಮಾಡುತ್ತಿದ್ದಳು. ಅಲ್ಲೇ ನನಗೆ ತೊಡಕಾಗುತ್ತಿದ್ದುದು. ನಮ್ಮಲ್ಲಿ ಸೊಸೆಯಾಗಿ ಬಂದವರು ತವರಿನ ಹೆಸರಿನಲ್ಲೇ ಉಳಿದುಬಿಡುತ್ತಾರೆ. ಬೆಳಗೋಡು ದೊಡ್ಡಮ್ಮ, ಯಸಳೂರು ಚಿಕ್ಕಮ್ಮ, ಹಾನುಬಾಳು ಚಿಕ್ಕಮ್ಮ. 'ಚೀಟೀಲಿ ಊರಿನ ಹೆಸರು ಬರೀಬಾರ್ದು, ಆ ಊರೇನು ಬಂದು ಬಳೆ ಇಟ್ಕೊಳುತ್ತಾ' ಎಂದು ಅಜ್ಜಿ ಕಳಿಸಿದರೆ, ನಾನು ಪೆನ್ಸಿಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಚಿಕ್ಕಮ್ಮ ನಿಮ್ಮ ಹೆಸರೇನು ಎಂದು ಕೇಳಬೇಕು. ಯಸಳೂರು ಚಿಕ್ಕಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ತುಸು ನಾಚಿ, ತನ್ನ ಹೆಸರು ಹೇಳಿದ್ದು ಈಗಲೂ ನೆನಪಿದೆ. ನಾನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವರ ಹೆಸರು ನನಗೆ ಗೊತ್ತಾದದ್ದು ಆವತ್ತು.

ಒಳಗಿನವರಾದ ಮೇಲೆ ಹೊರಗಿನವರು. ತೋಟದ ಕೂಲಿಯವರ ಲೈನಿನ ಮಕ್ಕಳು, ಹಾಲು ಕರೆಯಲು ಬರುವವರು, ಪಟೇಲರ ಮನೆಯಿಂದ ಸುಮ್ಮನೆ ಬಂದು ಕೂತ ಮುದುಕಿ. ಒಂದು ವರ್ಷ ಬಟ್ಟೆ ಗಂಟು ಹೊತ್ತು ಬಂದ ವ್ಯಾಪಾರಿಯೊಬ್ಬರು ಊಟದ ಹೊತ್ತಿಗೆ ಸಿಕ್ಕಿಬಿದ್ದರು. ಈ ಮನೆಯಲ್ಲಿ ಇವತ್ತು ಉಂಡವರಿಗೆಲ್ಲ ಚೀಟಿ ಎಂದಳು ಅಜ್ಜಿ. ಹೇಂಟೆ ಅವರಿಗೇ ಬಂತು. ಬಟ್ಟೆಯ ಗಂಟಿನ ಮೇಲೆ ಕೋಳಿ ಇಟ್ಟುಕೊಂಡು ಅವರು ಬಲ್ಲುಪೇಟೆಯ ಬಸ್ಸು ಹತ್ತಿದರು.

ದೊಡ್ಡವನಾದ ಮೇಲೆ ಉತ್ತರಮೇರೂರಿನ ಶಾಸನದ ಬಗ್ಗೆ ಓದಿದಾಗ ಅಜ್ಜಿಯ ಸೇರೇ ಕಣ್ಣ ಮುಂದೆ ಬಂತು. ಕಾಂಚೀಪುರದ ಹತ್ತಿರದ ಊರು. ಪರಾಂತಕ ಚೋಳನ ಕಾಲದಲ್ಲಿ, 919 ಮತ್ತು 921ರಲ್ಲಿ, ಅಲ್ಲಿನ ಗೋಡೆಯ ಮೇಲೆ ಊರಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಬಗೆಯನ್ನು ಕೊರೆಸಿದ್ದಾರೆ. ಯೋಗ್ಯರ ಹೆಸರುಗಳನ್ನು ಓಲೆಯ ಮೇಲೆ ಬರೆದು, ಕೊಡದಲ್ಲಿ ಹಾಕಿ ಕಲಸಿ, ಒಳಗೇನಿದೆ ಎಂದು ತಿಳಿಯದ ಹುಡುಗನೊಬ್ಬನಿಂದ ಎತ್ತಿಸುವುದು. ತಮಿಳಿನಲ್ಲಿ ಇದಕ್ಕೆ ಕುಡವೋಲೈ ಎನ್ನುತ್ತಾರೆ. ಕನ್ನಡದ ಕಿವಿಗೆ ಅದನ್ನು ಅನುವಾದಿಸುವ ಅಗತ್ಯವೇ ಇಲ್ಲ, ಕೊಡದ ಓಲೆ. ಸಾವಿರದ ನೂರು ವರ್ಷದ ಹಿಂದೆಯೂ ಎತ್ತಲು ಎಳೆಯ ಕೈಯೇ ಬೇಕಿತ್ತು, ಏಕೆಂದರೆ ಅದಕ್ಕೆ ಯಾರ ಹಂಗೂ ಇಲ್ಲ.

ಆದರೆ ಆ ಕೊಡದೊಳಗೆ ಯಾರ ಓಲೆ ಬೀಳಬಹುದಿತ್ತು? ತೆರಿಗೆ ಕಟ್ಟುವ ಜಮೀನಿರಬೇಕು, ಸ್ವಂತ ನಿವೇಶನದಲ್ಲಿ ಮನೆಯಿರಬೇಕು, ವೇದ ಕಲಿತಿರಬೇಕು, 921ರ ಶಾಸನದ ಪ್ರಕಾರ 35ರಿಂದ 70ರೊಳಗಿನ ವಯಸ್ಸಾಗಿರಬೇಕು. ಎತ್ತುವ ಕೈ ಎಷ್ಟು ಶುದ್ಧವಿದ್ದರೂ, ಒಳಗೆ ಬೀಳದ ಓಲೆಯನ್ನು ಎತ್ತಲಾರದು. ಅಜ್ಜಿಯ ಆಟದ ಹಿರಿಮೆ ಎತ್ತುವುದರಲ್ಲಿ ಇರಲಿಲ್ಲ, ಬರೆಯುವುದರಲ್ಲಿ ಇತ್ತು ಎಂದು ನಾನು ತಿಳಿದದ್ದು ಈ ಶಾಸನದಿಂದ.

ಹೆಸರು ಎತ್ತುವುದು ನಂಬರು ಎತ್ತುವುದಾಗಿ ಬದಲಾದ ಕತೆ ಇಟಲಿಯಲ್ಲಿದೆ. ಜಿನೋವಾ ಪಟ್ಟಣದಲ್ಲಿ ಆಡಳಿತ ಮಂಡಳಿಗೆ ಐವರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಯಾರ ಹೆಸರು ಬರಬಹುದು ಎಂದು ಜನ ಪಣ ಕಟ್ಟತೊಡಗಿ, ಹೆಸರಿನ ಜಾಗಕ್ಕೆ ಸಂಖ್ಯೆ ಬಂದು, ಲಾಟರಿ ಹುಟ್ಟಿತು. ಕ್ಲಬ್ಬುಗಳಲ್ಲಿ ಕ್ರಿಸ್‌ಮಸ್, ಹೊಸ ವರ್ಷಕ್ಕೆ ಆಡುವ ಟಂಬೋಲ ಹೆಸರಿನಿಂದಲೇ ಇಟಲಿಯದು. ಸಕಲೇಶಪುರದ ಮಂಜರಾಬಾದ್ ಕ್ಲಬ್ಬು ಪ್ಲಾಂಟರುಗಳ ಕೂಟವಾಗಿ 1893ರಿಂದ ಇದೆ, ಅಂಥ ಕ್ಲಬ್ಬುಗಳ ದಾರಿಯಲ್ಲೇ ಆ ಆಟ ನಮ್ಮ ತೋಟದ ಮನೆಗಳಿಗೂ ಇಳಿದಿರಬೇಕು. ಒಂದರಿಂದ 90ರವರೆಗಿನ ಅಂಕಿ ಕೂಗುವುದರಲ್ಲಿ ಗೌಜು ಇದೆ, ನಾನೂ ಆಡಿದ್ದೇನೆ. ಆದರೂ ಅಂಕಿ ಕೂಗಿದಾಗ ತಿರುಗಿ ನೋಡುವುದು ಕೈಯಲ್ಲಿರುವ ಹಾಳೆಯನ್ನು, ಹೆಸರು ಕೂಗಿದಾಗ ತಿರುಗಿ ನೋಡುವುದು ಮನುಷ್ಯನನ್ನು.

ಲಾಟರಿ ಚೀಟಿಯ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂಲಿಯ ದುಡ್ಡು ಆ ಬಣ್ಣದ ಕಾಗದಕ್ಕೆ ಹೋಗುವುದನ್ನು ಕಂಡಿದ್ದೇನೆ. 2007ರಲ್ಲಿ ಕರ್ನಾಟಕ ಅದನ್ನು ನಿಷೇಧಿಸಿದ್ದು ಒಳ್ಳೆಯ ಕೆಲಸ. ಸಾವಿರಾರು ಬರೀ ಚೀಟಿಗಳ ಮೇಲೆ ಒಂದು ಬಹುಮಾನ ನಿಲ್ಲಿಸುವ ಆ ಲೆಕ್ಕ ಅಜ್ಜಿಗೆ ಅರ್ಥವಾಗುತ್ತಿರಲಿಲ್ಲ.

ತಿಂಗಳ ಚೀಟಿಯ ಮಾತು ಬೇರೆ, ಅದು ಬಡವರ ಬ್ಯಾಂಕು. 1982ರ ಚಿಟ್ ಫಂಡ್ ಕಾಯ್ದೆಯ ವ್ಯಾಖ್ಯೆಯಲ್ಲೇ ಚಿಟ್, ಚಿಟ್ಟಿ, ಕಮಿಟಿ, ಕುರಿ ಎಂದು ಒಂದೊಂದು ಸೀಮೆ ಅದನ್ನು ಕರೆಯುವ ಹೆಸರುಗಳನ್ನು ಕಾನೂನು ಬರೆದವರು ಸೇರಿಸಿದ್ದಾರೆ. ಅದರ ತಂಗಿಯಂಥದ್ದು ಯುಗಾದಿಯ ಮಾಂಸದ ಚೀಟಿ. ವರ್ಷವಿಡೀ ವಾರ ವಾರ ಅಷ್ಟಿಷ್ಟು ಕೂಡಿಸಿ, ಹಬ್ಬಕ್ಕೆ ಮರಿ ತಂದು, ವರ್ಷತೊಡಕಿನ ಬೆಳಗ್ಗೆ ಕೊಯ್ದು, ಚೀಟಿ ಹಾಕಿದವರಿಗೆಲ್ಲ ಗುಡ್ಡೆ ಮಾಡಿ ಹಂಚುವುದು. ಪ್ರತಿ ಗುಡ್ಡೆಗೂ ಈಲಿ, ಬೋಟಿ, ತೊಡೆ ಎಲ್ಲದರಲ್ಲೂ ಪಾಲು ಬೀಳಬೇಕು. ಯಾವ ಗುಡ್ಡೆ ಯಾರಿಗೆ ಎನ್ನುವುದಕ್ಕೆ ಒಬ್ಬೊಬ್ಬರಿಂದ ಒಂದು ಕಡ್ಡಿಯೋ ಕಲ್ಲೋ ಎಲೆಯೋ ತೆಗೆದುಕೊಂಡು, ಅದು ಯಾರದೆಂದು ತಿಳಿಯದ ಮಗುವಿನ ಕೈಯಲ್ಲಿ ಗುಡ್ಡೆಯ ಮೇಲೆ ಇಡಿಸುವ ಕ್ರಮವೂ ಉಂಟು. ಮತ್ತೆ ಅದೇ ಎಳೆಯ ಕೈ.

ನಮ್ಮ ಮನೆಯಲ್ಲಿ ಆ ಸೇರು ಒಮ್ಮೆ ಬೇರೆ ಕೆಲಸಕ್ಕೂ ಬಂತು. ನನಗೆ ಹದಿನಾಲ್ಕು ತುಂಬಿದ ವರ್ಷ ಅಪ್ಪ ಮತ್ತು ಅವರ ಅಣ್ಣತಮ್ಮಂದಿರು ಪಾಲಾದರು. ಜಗಳವೇನೂ ಇರಲಿಲ್ಲ. ಊರಿನ ಹಿರಿಯರು ಮೇಲಿನ ತೋಟ, ಹೊಳೆಬದಿಯ ಗದ್ದೆ, ಕಣ, ಹಳೆಮನೆ ಎಲ್ಲವನ್ನೂ ಸರಿದೂಗಿಸಿ ನಾಲ್ಕು ಪಾಲು ಬರೆದರು. ಚೀಟಿ ಎತ್ತಿಬಿಡಿ ಎಂದರು, ಹಾಗೆ ಎತ್ತಿದರೆ ಮುಂದೆ ಯಾರೂ ಯಾರನ್ನೂ ಅನ್ನುವಂತಿಲ್ಲ. ಯುಗಾದಿಯಲ್ಲಿ ಎತ್ತುತ್ತಿದ್ದ ನನ್ನ ತಂಗಿಯನ್ನೇ ಕರೆದರು. ಇಬ್ಬರು ಸೋದರತ್ತೆಯರು ಬಂದಿದ್ದರು, ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಿದ್ದರು. ಅಜ್ಜಿ ವಾಡಿಕೆಯಂತೆ ಮೊರ ಮುಂದಿಟ್ಟುಕೊಂಡಿದ್ದಳು.

ಮೊರದಲ್ಲಿ ಆರು ಬೀಜ ಇದ್ದವು. ಸೇರಿನಲ್ಲಿ ನಾಲ್ಕು ಚೀಟಿ.

ಯಾರೂ ಏನೂ ಹೇಳಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಮೊರ ನೋಡಿ, ಎರಡು ಬೀಜ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದಕ್ಕೂ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಒಳಗೆ ತಂದಿತು, ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಪಾಲುಗಳನ್ನು ಮುಟ್ಟಲಿಲ್ಲ. ನಮ್ಮ ಅತ್ತೆಯರ ಎರಡು ಬೀಜ ಯಾವ ಲೆಕ್ಕಕ್ಕೂ ಬರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ, ಆ ನಾಲ್ಕು ಚೀಟಿಗಳನ್ನು ಬರೆದ ಕೈಬರಹ ನನ್ನದೇ.

ಮರುವರ್ಷದ ಯುಗಾದಿಗೆ ಮನೆಯಲ್ಲಿ ನಾಲ್ಕು ಒಲೆ. ಆಟ ಮಾತ್ರ ಹಳೆಮನೆಯ ಹಜಾರದಲ್ಲಿ ಒಂದೇ. ಅತ್ತೆಯರು ಬರುತ್ತಾರೋ ಇಲ್ಲವೋ ಎಂದು ನಾವು ಅಂಜಿದ್ದೆವು. ಇಬ್ಬರೂ ಬಂದರು, ತಲೆಗೊಂದು ಸಾಮಾನನ್ನೂ ತಂದಿದ್ದರು. ಅಜ್ಜಿ ಆ ವರ್ಷ ಒಲೆಯ ಮುಂದಿನಿಂದ ಶುರು ಮಾಡಲಿಲ್ಲ. ಮೊದಲ ಎರಡು ಬೀಜ ಅತ್ತೆಯರದ್ದು, ಆಮೇಲೆ ಪ್ರತಿ ವರ್ಷವೂ ಅವರದ್ದೇ.

ಈಗ ಅಜ್ಜಿಯಿಲ್ಲ. ಮೊರ ನನ್ನ ಹೆಂಡತಿಯ ಮುಂದೆ ಇರುತ್ತದೆ, ಬರೆಯುವವನು ಈಗಲೂ ನಾನೇ. ಬರಲಾಗದವರು ಫೋನಿನಲ್ಲಿ ಕೇಳುತ್ತಾರೆ, ಅವರ ಚೀಟಿಯನ್ನೂ ಹಾಕುತ್ತೇವೆ, ಬಂದ ಸಾಮಾನನ್ನು ಮುಂದಿನ ಹಬ್ಬದವರೆಗೆ ಅಟ್ಟದಲ್ಲಿ ಕಾದಿಡುತ್ತೇವೆ. ಕಳೆದ ಯುಗಾದಿಗೆ ಬೀಜ ಮೂವತ್ತೊಂದು ಆಯಿತು, ಚೀಟಿ ಮೂವತ್ತು. ಎರಡು ಸಲ ಎಣಿಸಿದರೂ ಕೂಡಲಿಲ್ಲ. ಹೆಚ್ಚಿನ ಬೀಜ ಯಾರದ್ದು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಒಳಕೋಣೆಯಿಂದ ತಮ್ಮನ ಮಗಳು ಎದ್ದು ಬಂದು ಬಾಗಿಲಿಗೆ ಒರಗಿ ನಿಂತಳು. ಹೆರಿಗೆಯಾಗಿ ಒಂಬತ್ತು ದಿನ. "ದೊಡ್ಡಪ್ಪ, ಇವಳದ್ದು," ಎಂದಳು.

ಹೆಸರಿಡುವ ಶಾಸ್ತ್ರ ಇನ್ನೂ ಆಗಿರಲಿಲ್ಲ. ಒಂದು ತುಂಡು ಕಾಗದ ಹರಿದು 'ಪಾಪು' ಎಂದು ಬರೆದು, ನಾಲ್ಕು ಮಡಿಕೆ ಮಡಿಸಿ, ಸೇರಿಗೆ ಹಾಕಿದೆ. ಅದಕ್ಕೆ ಬಂದದ್ದು ಹದಿನೇಳನೇ ನಂಬರು, ಹಿರಿಯ ಅತ್ತೆ ತಂದ ಕಾಯಿ ತುರಿಯುವ ಮಣೆ. ಅಟ್ಟದ ಮೇಲಿದೆ.