ಗಾಜಿನ ಗ್ರೈಂಡರ್ ತೊಗೊಳ್ಳೋಕಿಂತ ಮೊದಲ ಒಂದಿಷ್ಟು ಇತಿಹಾಸ

ಹೋದ ವರ್ಷ "ನಾ ಒಂದು ಗ್ರೈಂಡರ್ ತೊಗೊಂಡೆ" ಅಂತ ಫೋನಿನಾಗ ಹೇಳಿದ ಕೂಡ್ಲೆ ನಮ್ಮ ಮಾವಶಿ ಕೇಳಿದ್ದು ಒಂದ ಮಾತು: "ಎಷ್ಟು ಲೀಟರಿಂದವಾ?" ಮಾವಶಿ, ಇದರಾಗ ದ್ವಾಸಿ ಹಿಟ್ಟು ರುಬ್ಬಲಿಕ್ಕೆ ಬರೂದಿಲ್ಲ, ಇದು ಬಣ್ಣದ ಗಾಜಿನ ಅಂಚು ತಿಕ್ಕೋ ಮಶೀನು ಅಂದೆ. "ಗಾಜು ತಿಕ್ಕಲಿಕ್ಕೆ ಮಶೀನ್ ಯಾಕ ಬೇಕ?" ಅಂದ್ಲು. ಅವತ್ತು ನನಗ ಸರಿಯಾಗಿ ಉತ್ತರಾ ಹೇಳಲಿಕ್ಕೆ ಆಗಲಿಲ್ಲ.

ಈಗ ಹುಬ್ಬಳ್ಳಿ ವೈನಿನೂ ಈ ಕೆಲಸಾ ಕಲೀಬೇಕು ಅಂತ ಹಟಾ ಹಿಡದಾರ. ಅವರ ಮಗಾ ಮುಂದಿನ ತಿಂಗಳು ಇಲ್ಲಿಂದ, ಅಮೇರಿಕಾದಿಂದ, ಊರಿಗೆ ಹೊಂಟಾನ. "ಅವನ ಕೈಯಾಗ ಒಂದು ಛಲೋ ಗ್ರೈಂಡರ್ ಕೊಟ್ಟು ಕಳಸು" ಅಂತ ಮೆಸೇಜ್ ಮಾಡ್ಯಾರ. ಯಾವದು ಛಲೋ ಅಂತ ಹೇಳಬೇಕಂದ್ರ ಮಾವಶಿ ಪ್ರಶ್ನೆಗೆ ಮೊದಲ ಉತ್ತರಾ ಕೊಡಬೇಕಾಗ್ತದ.

ಮೈಸೂರು ಅರಮನಿ ಕಲ್ಯಾಣ ಮಂಟಪದಾಗ ನಾವೆಲ್ಲಾ ತಲಿ ಎತ್ತಿ ನೋಡೀವಲ್ಲ, ನವಿಲಿನ ಚಿತ್ರದ ಬಣ್ಣದ ಗಾಜಿನ ಛತ್ತು, ಅಂಥಾ ಕೆಲಸಕ್ಕ ಸ್ಟೇನ್ಡ್ ಗ್ಲಾಸ್ ಅಂತಾರ. ನನ್ನ ಕಣ್ಣಿಗೆ ಅದು ನಮ್ಮ ಅಜ್ಜಿ ಹೊಲೀತಿದ್ದ ಕೌದಿನ. ಸಣ್ಣ ಸಣ್ಣ ತುಂಡು ಕೂಡಿಸಿ ಒಂದು ಚಿತ್ರಾ ಮಾಡೂದು. ಫರಕು ಇಷ್ಟ: ಅರವಿ ತುಂಡು ಒಂದೀಟು ಹೆಚ್ಚುಕಮ್ಮಿ ಆದ್ರ ಅಂಚು ಒಳಗ ಮಡಚಿ ಹೊಲದ್ರ ಮುಗೀತು. ಗಾಜು ಮಡಚಲಿಕ್ಕೆ ಬರೂದಿಲ್ಲ. ಈ ಅಂಚಿನ ಕಾಟಾ ಇವತ್ತಿಂದಲ್ಲ.

12ನೇ ಶತಮಾನದ ಸುರುವಿನಾಗ ಥಿಯೋಫಿಲಸ್ ಅನ್ನೋ ಹೆಸರಿನ ಒಬ್ಬ ಕ್ರೈಸ್ತ ಸನ್ಯಾಸಿ ಲ್ಯಾಟಿನ್ ಭಾಷಾದಾಗ ಕೈಕೆಲಸದ ಒಂದು ಪುಸ್ತಕ ಬರದ. ಅದರಾಗ ಕಿಡಕಿ ಗಾಜು ಮಾಡೋ ಪದ್ಧತಿ ಎಲ್ಲಾ ಅದ. ಕಟಿಗಿ ಹಲಗಿಗೆ ಖಡು ಬಳದು ಅದರ ಮ್ಯಾಲೆ ಚಿತ್ರಾ ತಗೀಬೇಕು. ಕಬ್ಬಿಣದ ಸಳಿ ಕೆಂಪಗ ಕಾಯಿಸಿ ಗಾಜಿಗೆ ಹಚ್ಚಿದ್ರ ಅದು ಸೀಳ್ತದ. ಗಾಜು ಬಿರುಸಿದ್ರ ಬಟ್ಟಿಗೆ ಉಗುಳು ಹಚ್ಚಿಕೊಂಡು ಆ ಜಾಗಾ ಒದ್ದಿ ಮಾಡ್ರಿ ಅಂತಾನ! ಹಂಗ ಸೀಳಿದ ಗಾಜು ಚಿತ್ರದ ಗೆರಿಗೆ ಎಲ್ಲಿ ಸರಿಯಾಗಿ ಕೂಡಬೇಕು? ಅದಕ್ಕ ಒಂದು ಗೇಣು ಉದ್ದದ, ಎರಡೂ ತುದಿ ಕೊಕ್ಕಿಯಂಗ ಬಾಗಿದ ಕಬ್ಬಿಣ. ಅದರಿಂದ ಅಂಚು ಕಡದು ಕಡದು, ಇಲಿ ರೊಟ್ಟಿ ತಿಂದಂಗ, ಆಕಾರಕ್ಕ ತರೂದು. ನನ್ನ ಟೇಬಲ್ ಮ್ಯಾಲಿನ ಗ್ರೈಂಡರಿನ ಮುತ್ತಜ್ಜಿ ಅಂದ್ರ ಈ ಗೇಣುದ್ದ ಕಬ್ಬಿಣಾನ.

ಆದ್ರ ಆಗ ಅಂಚು ಒರಟಿದ್ರೂ ನಡೀತಿತ್ತು. ಯಾಕಂದ್ರ ತುಂಡಿಗೆ ತುಂಡು ಕೂಡಸ್ತಿದ್ದದ್ದು ಸೀಸದ ಪಟ್ಟಿಯಿಂದ. ಆ ಪಟ್ಟಿಗೆ ಎರಡೂ ಬದಿಗೆ ಗಾಳಿ ಇರ್ತದ, ಗಾಜು ಅದರೊಳಗ ಹೊಕ್ಕೊಂಡು ಕೂಡತದ, ಅಂಚಿನ ಓರೆಕೋರೆ ಎಲ್ಲಾ ಒಳಗ ಮುಚ್ಚಿಹೋಗ್ತದ. ಮುಂದ ಸುಡೋ ಕಬ್ಬಿಣ ಹೋಗಿ ಗಾಜು ಗೀರಲಿಕ್ಕೆ ವಜ್ರದ ಮೊನಿ ಬಂತು. 1869ರಾಗ ಅಮೇರಿಕಾದ ಕನೆಕ್ಟಿಕಟ್ ರಾಜ್ಯದ ಸ್ಯಾಮ್ಯುಯೆಲ್ ಮಾನ್ಸ್ ಅನ್ನಾಂವ ಸಣ್ಣ ಉಕ್ಕಿನ ಗಾಲಿಯ ಕಟರಿಗೆ ಪೇಟೆಂಟ್ ತೊಗೊಂಡ. ವಜ್ರಾ ಕೊಳ್ಳಲಿಕ್ಕೆ ಆಗದ ಮಂದಿಗೂ ಗಾಜು ಕತ್ತರಸಲಿಕ್ಕೆ ಬರೂಹಂಗ ಆತು.

ಅಂಚಿನ ಕಾಟಾ ಖರೇ ಸುರು ಆಗಿದ್ದು ತಾಮ್ರದ ಪಟ್ಟಿ ಬಂದಮ್ಯಾಲೆ. 1886ರಾಗ ಬಾಸ್ಟನ್ನಿನ ಸ್ಯಾನ್‌ಫರ್ಡ್ ಬ್ರೇ ಅನ್ನಾಂವ ಇದಕ್ಕ ಪೇಟೆಂಟ್ ತೊಗೊಂಡ. ಪ್ರತಿ ಗಾಜಿನ ಅಂಚಿಗೆ ತೆಳ್ಳನ ತಾಮ್ರದ ಪಟ್ಟಿ ಸುತ್ತಿ, ತುಂಡುಗಳನ್ನ ಒಂದರ ಮಗ್ಗಲಾಗ ಒಂದು ಇಟ್ಟು ಬೆಸಗಿ ಹಾಕೂದು. ಸೀಸದಾಗ ಆಗದಂಥಾ ನಾಜೂಕು ಗೆರಿ ಇದರಾಗ ಬರ್ತಾವ, ಹೂವಿನ ಪಕಳಿಯಷ್ಟು ಸಣ್ಣ ತುಂಡೂ ಕೂಡಸಬಹುದು. ಆದ್ರ ಮುಚ್ಚಿಕೊಳ್ಳಲಿಕ್ಕೆ ಗಾಳಿ ಇಲ್ಲ! ಅಂಚು ಸರಿ ಇರಲಿಲ್ಲಂದ್ರ ನಡುವ ಸಂದಿ ಬೀಳ್ತದ, ಪಟ್ಟಿ ಕಿತ್ತು ಬರ್ತದ.

ಈ ಪದ್ಧತಿಗೆ ಹೆಸರು ತಂದದ್ದು ನ್ಯೂಯಾರ್ಕಿನ ಟಿಫನಿ ಸ್ಟುಡಿಯೋದ ದೀಪಗಳು. ಅಲ್ಲೆ 1892ರಾಗ ಗಾಜು ಕತ್ತರಸೋ ಹೆಣ್ಣುಮಕ್ಕಳದ ಒಂದು ವಿಭಾಗ ಸುರು ಆತು. ಅದರ ಮುಖ್ಯಸ್ಥಳು ಕ್ಲಾರಾ ಡ್ರಿಸ್ಕಾಲ್, ಓಹಾಯೋದ ಹೆಣ್ಣುಮಗಳು. ಗಾಜಿನ ಬಣ್ಣಾ ಆರಸೂದು, ಕತ್ತರಸೂದು, ತಾಮ್ರಾ ಸುತ್ತೂದು ಅಕಿ ವಿಭಾಗದ ಕೆಲಸಾ. ಬೆಸಗಿ ಹಾಕೂದು ಗಂಡಸರ ಕೆಲಸಾ. ವಿಸ್ಟೀರಿಯಾ ಅನ್ನೋ ಅಕಿ ದೀಪದಾಗ ಸುಮಾರು 2,000 ತುಂಡು ಅವ! ಒಂದೊಂದು ಅಂಚೂ ಕೈಲೇ ಆಗಬೇಕು. ಈಗಿನ ಈ ಪುಟ್ಟ ಮಶೀನ್ ಆಗ ಇರಲಿಲ್ಲ. ಕಟರ್, ಇಕ್ಕಳ, ಕೈಯಿನ ಹದಾ, ಇಷ್ಟ.

ಅಲ್ಲೆ ಲಗ್ನಾದ ಹೆಣ್ಣುಮಕ್ಕಳನ್ನ ಇಟ್ಟುಕೋತಿರಲಿಲ್ಲ. ಕ್ಲಾರಾ ಲಗ್ನಾ ಮಾಡಿಕೊಂಡು ಕೆಲಸಾ ಬಿಟ್ಟಳು, ಗಂಡ ತೀರಿಕೊಂಡಮ್ಯಾಲೆ ವಾಪಸ್ ಬಂದಳು. 1903ರಾಗ ಗಂಡಸರ ಸಂಘದವರು ಈ ಹೆಣ್ಣುಮಕ್ಕಳ ವಿರುದ್ಧ ಎದ್ದರು. ಕಡೀಗೆ ದೀಪದ ಕೆಲಸಾ ಉಳೀತು, ಆದ್ರ ವಿಭಾಗದಾಗ 27ಕ್ಕಿಂತ ಹೆಚ್ಚು ಮಂದಿ ಇರಬಾರದು ಅಂತ ಆತು. 1909ರಾಗ ಅಕಿ ಇನ್ನೊಂದು ಲಗ್ನಾಗಿ ಹೋದಳು. ದೀಪಕ್ಕೆಲ್ಲಾ ಟಿಫನಿ ಅಂತ ಒಂದ ಹೆಸರು ಉಳೀತು.

ಮತ್ತ ಇದೆಲ್ಲಾ ನಮಗ ಹೆಂಗ ಗೊತ್ತಾತು? ಕ್ಲಾರಾ ತನ್ನ ಅವ್ವಗ, ತಂಗ್ಯಾರಿಗೆ ಉದ್ದುದ್ದ ಪತ್ರಾ ಬರೀತಿದ್ದಳು. ಆ ಪತ್ರ ಒಬ್ಬರಿಂದ ಒಬ್ಬರ ಕೈಗೆ ಮನಿ ತುಂಬ ಓಡ್ಯಾಡತಿದ್ವು. 2005ರಾಗ ಆ ಪತ್ರದ ಕಟ್ಟು ಸಂಶೋಧಕರ ಕೈಗೆ ಸಿಕ್ವು, 2007ರಾಗ ನ್ಯೂಯಾರ್ಕಿನಾಗ ದೊಡ್ಡ ಪ್ರದರ್ಶನ ಆತು. 1900ರ ಪ್ಯಾರಿಸ್ ಪ್ರದರ್ಶನದಾಗ ಬಹುಮಾನ ಬಂದ ಡ್ರ್ಯಾಗನ್‌ಫ್ಲೈ ದೀಪದ ವಿನ್ಯಾಸಾ ಅಕೀದ ಅಂತ ಜಗತ್ತೆಲ್ಲಾ ಮಾತಾಡಿಕೊಳ್ಳೋ ಹೊತ್ತಿಗೆ ನೂರು ವರ್ಷ ದಾಟಿತ್ತು.

1970ರ ದಶಕದಾಗ ಅಮೇರಿಕಾದಾಗ ಮಂದಿ ತಮ್ಮ ತಮ್ಮ ಮನಿಯೊಳಗ ಈ ಕೆಲಸಾ ಸುರು ಮಾಡಿದ್ರು. ಅವರಿಗೆ ಕ್ಲಾರಾನ ವಿಭಾಗದವರಂಗ ದಿನಾ ಕೂತು ಕೈ ಪಳಗಿಸಿಕೊಳ್ಳಲಿಕ್ಕೆ ವ್ಯಾಳ್ಯಾ ಎಲ್ಲಿ? ಅಂಥವರ ಟೇಬಲ್ಲಿಗೆ ಬಂದದ್ದು ಈ ಗ್ರೈಂಡರ್. ಒಂದು ನೀರಿನ ತಟ್ಟಿ, ಮ್ಯಾಲೆ ಜಾಳಗಿ, ನಡುವ ನಿಂತು ತಿರಗೋ, ವಜ್ರದ ಪುಡಿ ಕೂಡಿಸಿದ ಸಣ್ಣ ಗುಂಡು. ಅದರ ಬೆನ್ನಿಗೆ ಒಂದು ಒದ್ದಿ ಸ್ಪಂಜು. ಮಾವಶಿ, ಮಶೀನ್ ಯಾಕ ಬೇಕು ಅಂದಿಯಲ್ಲ, ಇದಕ್ಕ.

ಈಗ ವೈನಿ ಪ್ರಶ್ನೆ. ವೈನಿ, ಮೊದಲನೇ ಗ್ರೈಂಡರ್ ಸಣ್ಣದ ಸಾಕು. ಮೋಟರ್ ಭಾಳ ದೊಡ್ಡದು ಬ್ಯಾಡ. ಗಾಜು ಹಗರಕ ಒತ್ತಿದ್ರ ನಿಂದ್ರಬಾರದು, ಅಷ್ಟ. ಗುಂಡು ಮುಕ್ಕಾಲು ಇಂಚಿಂದು ಇರಲಿ. ಒಳಬಾಗಿನ ಸಲುವಾಗಿ ಕಾಲು ಇಂಚಿನ ಗುಂಡು ಹಾಕಲಿಕ್ಕೆ ಬರ್ತದೋ ಇಲ್ಲೋ ಕೇಳ್ರಿ. ಗುಂಡು ಸವೀತದ, ಬ್ಯಾರೆದು ಸಿಗಬೇಕು. ನೀರಿನ ತಟ್ಟಿ ಸರಳ ತಗದು ತೊಳ್ಯೂಹಂಗ ಇರಬೇಕು. ಸ್ಪಂಜು ಯಾವತ್ತೂ ಒದ್ದಿ ಇರಬೇಕು. ನಾ ಒಂದ್ಸಲ ಮಾತಾಡ್ಕೋತ ಒಣ ಸ್ಪಂಜಿನ ಮ್ಯಾಲೇ ಓಡಸಿದೆ, ಗಾಜಿನ ಅಂಚೆಲ್ಲಾ ಬೆಳ್ಳಗ ಚೆಕ್ಕಿ ಎದ್ದು ಹೋತು. ನೀರು ಗುಂಡು ತಣ್ಣಗಿಡತದ, ಗಾಜಿನ ಧೂಳು ಗಾಳ್ಯಾಗ ಹಾರದಂಗ ಹಿಡೀತದ. ಆ ಧೂಳು ಶ್ವಾಸದಾಗ ಹೋಗಬಾರದು. ಕಣ್ಣಿಗೆ ಚಾಳೀಸಲ್ಲ, ಸುತ್ತ ಮುಚ್ಚೋ ಕನ್ನಡಕ ಬೇಕು. ತಟ್ಟಿ ತಳದ ಬಿಳೇ ಗಸಿ ಬಚ್ಚಲಕ್ಕ ಚೆಲ್ಲಬ್ಯಾಡ್ರಿ, ಪೇಪರಿನಾಗ ಸುತ್ತಿ ಕಸಕ್ಕ ಹಾಕ್ರಿ. ಮತ್ತ ಅಡಿಗಿಮನಿ ಕಟ್ಟಿ ಮ್ಯಾಲೆ ಈ ಕೆಲಸಾ ಬ್ಯಾಡೇಬ್ಯಾಡ, ಬೆಸಗಿ ತಂತಿಯಾಗ ಸೀಸಾ ಇರ್ತದ.

ಇನ್ನ ಮಗನ ಕೈಯಾಗ ಕಳಸೂದು. ಇಲ್ಲಿ ಮಶೀನು 120 ವೋಲ್ಟಿಂದು, ನಮ್ಮ ಊರಾಗ 230. ಹಂಗ ಹಚ್ಚಿದ್ರ ಮೊದಲನೇ ದಿನಾನ ಮೋಟರ್ ಸುಡತದ. 230 ವೋಲ್ಟಿನ ಮಾದರಿ ಸಿಕ್ಕರ ಅಷ್ಟ ಕಳಸ್ತೀನಿ. ಇಲ್ಲಾಂದ್ರ ಅವನ ಕೈಯಾಗ ಒಂದು ಕಟರ್, ಒಂದು ಇಕ್ಕಳ ಕೊಡ್ತೀನಿ. ಬ್ಯಾಸರಾ ಮಾಡ್ಕೋಬ್ಯಾಡ್ರಿ. ಮೂರು ಸಲ ತಿಕ್ಕಿದ್ರೂ ತುಂಡು ಕೂಡಲಿಲ್ಲಂದ್ರ ತಪ್ಪು ತಿಕ್ಕೂದ್ರಾಗ ಇರೂದಿಲ್ಲ, ಕತ್ತರಸೂದ್ರಾಗ ಇರ್ತದ. ಅದನ್ನ ನಾ ಗ್ರೈಂಡರ್ ತೊಗೊಂಡು ಆರು ತಿಂಗಳಾದಮ್ಯಾಲೆ ಕಲತೆ. ನೀವು ಮೊದಲ ಕಲೀರಿ.

ಮೊದಲನೇ ತುಂಡು ಸೊಟ್ಟ ಬಂದ್ರೂ ಫೋಟೋ ಕಳಸ್ರಿ. ಹೆಂಗ ಸೊಟ್ಟ ಆತು ಅಂತನೂ ಕೂಡೆ ಬರೀರಿ, ನಾ ಇಟ್ಟಿರತೀನಿ.